ಯಂತ್ರ ಮನೆಯಲ್ಲಿ, ಕೀಲಿಕೈ ಜುಬೈಲಿನಲ್ಲಿ

ಸಹೋದರಿಯರೇ, ಮೊದಲಿಗೆ ನಿಮ್ಮಲ್ಲಿ ಒಂದು ಪ್ರಶ್ನೆ. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ನಿಮಗೆ ಗೊತ್ತಿದೆಯೇ? ಫೋನಿಗೆ ತಾನಾಗಿಯೇ ಸಿಗುತ್ತದೆ ಎನ್ನಬೇಡಿ. ಯಾರಾದರೂ ಕೇಳಿದರೆ ಒಂದಕ್ಷರವೂ ತಪ್ಪದೆ ಬರೆದು ಕೊಡಬಲ್ಲಿರಾ?

ಕಳೆದ ವರ್ಷದ ಮಳೆಗಾಲದವರೆಗೆ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಒಂದು ಕೊರತೆ ಎಂದು ಅನಿಸಿಯೂ ಇರಲಿಲ್ಲ. ಅಡುಗೆಮನೆಯ ಯಾವ ಡಬ್ಬದಲ್ಲಿ ಏನಿದೆ ಎಂದು ಕತ್ತಲಲ್ಲೂ ಹೇಳಬಲ್ಲ ನಾವು, ಚಾವಡಿಯಲ್ಲಿ ಹಸಿರು ದೀಪ ಮಿನುಗಿಸುತ್ತಾ ಕುಳಿತಿರುವ ಆ ಪುಟ್ಟ ಪೆಟ್ಟಿಗೆಯ ವಿಷಯ ಬಂದರೆ ಮಾತ್ರ "ಅದೆಲ್ಲ ಮಕ್ಕಳಿಗೆ ಗೊತ್ತು" ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾದದ್ದರಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ನಮ್ಮದು ಹಳೆಯ ಮನೆ. ಮುರಕಲ್ಲಿನ ದಪ್ಪ ಗೋಡೆಗಳು. ಚಾವಡಿಗೆ ಕೆಂಪು ಕಾವಿಯ ನೆಲ, ಅದರ ಸುತ್ತ ನಾಲ್ಕು ಬೆರಳಗಲದ ಕಪ್ಪು ಅಂಚು. ಹಿಂದಿನ ಭಾಗಕ್ಕೆ ಕೆಲವು ವರ್ಷಗಳ ಹಿಂದೆ ಟೈಲ್ಸ್ ಹಾಕಿಸಿದ್ದೇವೆ. ಮನೆ ದೊಡ್ಡದು, ಇರುವವರು ಮೂವರು: ಅತ್ತೆ, ರಾತ್ರಿ ಅಂಗಡಿ ಮುಚ್ಚಿ ಬರುವ ನಮ್ಮ ಯಜಮಾನರು, ಮತ್ತು ನಾನು. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಮಗ ಸೌದಿಯ ಜುಬೈಲಿನಲ್ಲಿ ಕೆಲಸಕ್ಕಿದ್ದಾನೆ. ನಾನು ಹಗಲು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಸಂಜೆ ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ಅರಬಿ ಅಕ್ಷರ.

ಅತ್ತೆಗೆ ಎಪ್ಪತ್ತನಾಲ್ಕು ವರ್ಷ. ಎರಡೂ ಮೊಣಕಾಲು ಸವೆದಿವೆ. ಕುರ್ಚಿಯಲ್ಲಿ ಕುಳಿತೇ ನಮಾಝ್ ಮಾಡುತ್ತಾರೆ. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಅವಸರದಲ್ಲಿ ನಾನು ಗುಡಿಸದೆ ಶಾಲೆಗೆ ಹೋದ ದಿನ, ಗೋಡೆ ಹಿಡಿದುಕೊಂಡಾದರೂ ಅವರು ಪೊರಕೆ ಕೈಗೆತ್ತಿಕೊಳ್ಳದೆ ಬಿಡುವವರಲ್ಲ. "ಕಸ ನೋಡುತ್ತಾ ಕುಳಿತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಮಗಳೇ" ಎನ್ನುತ್ತಾರೆ. ಅರುವತ್ತು ವರ್ಷ ಗುಡಿಸಿದ ಕೈ, ಸುಮ್ಮನಿರು ಎಂದರೆ ಕೇಳುತ್ತದೆಯೇ?

ಇದನ್ನು ಕೇಳಿದ್ದ ಮಗ, ಕಳೆದ ವರ್ಷ ರಜೆಯಲ್ಲಿ ಬರುವಾಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದ. ಒಳಗೆ ದುಂಡಗಿನ, ಒಂದು ಗೇಣಿಗಿಂತಲೂ ಕಡಿಮೆ ಎತ್ತರದ ಯಂತ್ರ. ತಾನೇ ಓಡಾಡಿ ನೆಲ ಗುಡಿಸುವ ರೋಬೋಟ್ ವ್ಯಾಕ್ಯೂಮ್ ಕ್ಲೀನರ್. ನೆತ್ತಿಯ ಮೇಲೆ ತಿರುಗುವ ಲೇಸರ್, ಮುಂದೆ ಪುಟ್ಟದೊಂದು ಕ್ಯಾಮರಾ. ಇದೇನೂ ನಿನ್ನೆ ಮೊನ್ನೆಯ ವಸ್ತುವಲ್ಲ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪೆನಿ 'ಟ್ರೈಲೊಬೈಟ್' ಎಂಬ ಇಂಥ ಯಂತ್ರವನ್ನು 2001ರಲ್ಲೇ ಮಾರಾಟಕ್ಕೆ ತಂದಿತ್ತು. ಮರುವರ್ಷ, 2002ರಲ್ಲಿ, ಅಮೆರಿಕದ 'ರೂಂಬಾ' ಬಂತು. ಅವೆಲ್ಲ ಗುಂಡಿ ಒತ್ತಿದರೆ ಓಡುವ ಯಂತ್ರಗಳು. ರೂಂಬಾಕ್ಕೆ ಮೊದಲ ಬಾರಿ ವೈಫೈ ಸೇರಿದ್ದು 2015ರಲ್ಲಿ. ಅಲ್ಲಿಂದ ಮುಂದೆ ಈ ಯಂತ್ರಗಳ ಕೀಲಿಕೈ ಫೋನಿನೊಳಗೆ ಹೋಯಿತು. ಯಾರ ಫೋನು? ನನ್ನ ಕಥೆಯೆಲ್ಲ ಇರುವುದು ಈ ಪ್ರಶ್ನೆಯಲ್ಲೇ.

ಪೆಟ್ಟಿಗೆ ಬಿಚ್ಚಿದ ಮಗ ಅರ್ಧ ಗಂಟೆಯಲ್ಲಿ ಎಲ್ಲ ಜೋಡಿಸಿದ. ಸೌದಿಯ ಪಿನ್ ನಮ್ಮ ಪ್ಲಗ್ಗಿಗೆ ಹೊಂದದ ಕಾರಣ ಯಜಮಾನರು ಅಂಗಡಿಯಿಂದ ಒಂದು ಅಡಾಪ್ಟರ್ ತಂದರು. ಮಗ ತನ್ನ ಫೋನಿನಲ್ಲಿ ಏನೇನೋ ಒತ್ತಿದ. ನಾನು ಅಡುಗೆಮನೆಯಲ್ಲಿ ಅವನಿಗೆಂದು ಪತ್ತಿರಿ ಮಾಡುತ್ತಿದ್ದೆ. "ಎಲ್ಲ ಆಯಿತು ಉಮ್ಮ, ಇನ್ನು ನೀವು ಏನೂ ಮಾಡಬೇಕಾಗಿಲ್ಲ" ಎಂದ. ನಮಗೆಲ್ಲ ಸಂತೋಷವೋ ಸಂತೋಷ. 'ಏನೂ ಮಾಡಬೇಕಾಗಿಲ್ಲ' ಎಂಬುದಕ್ಕೂ 'ಏನೂ ಮಾಡಲಾಗುವುದಿಲ್ಲ' ಎಂಬುದಕ್ಕೂ ಹೆಚ್ಚು ದೂರವಿಲ್ಲವೆಂದು ನನಗೆ ತಿಳಿದದ್ದು ಆಮೇಲೆ.

ಅತ್ತೆ ಅದಕ್ಕೆ 'ಆಮೆ' ಎಂದು ಹೆಸರಿಟ್ಟರು. ಆಮೆ ಮಂಚದಡಿಗೆ ನುಗ್ಗಿ ವರ್ಷಗಳ ಧೂಳು ಎಳೆದು ತರುವುದನ್ನು ನೋಡಲು ಅಕ್ಕಪಕ್ಕದ ಹೆಂಗಸರೂ ಬಂದರು. ಸಣ್ಣಪುಟ್ಟ ತೊಂದರೆಗಳೂ ಇದ್ದವು. ಕಾವಿ ನೆಲದ ಕಪ್ಪು ಅಂಚಿಗೆ ಬಂದರೆ ಗಕ್ಕನೆ ನಿಂತು ಹಿಂದಕ್ಕೆ ಹೋಗುತ್ತಿತ್ತು. ಮೆಟ್ಟಿಲಿನಿಂದ ಬೀಳದಿರಲೆಂದು ಅದರ ಹೊಟ್ಟೆಯಡಿಯಲ್ಲಿ ಕಣ್ಣುಗಳಿರುತ್ತವಂತೆ. ಅವು ಕಾಣದ ಬೆಳಕನ್ನು ನೆಲಕ್ಕೆ ಬಿಟ್ಟು ಮರಳಿ ಬರುವುದನ್ನು ನೋಡುತ್ತವೆ. ಕಪ್ಪು ಬಣ್ಣ ಬೆಳಕನ್ನು ನುಂಗುವುದರಿಂದ ಅಲ್ಲಿ ಹಳ್ಳವಿದೆ ಎಂದು ಆಮೆ ತಿಳಿಯುತ್ತದೆ. ಆ ಅಂಚನ್ನು ಇಂದಿಗೂ ನಾನೇ ಗುಡಿಸುತ್ತೇನೆ. ಆ ಕಣ್ಣುಗಳಿಗೆ ಕಾಗದ ಅಂಟಿಸಿ ಎಂದು ಸಲಹೆ ಕೊಡುವವರಿದ್ದಾರೆ. ಮೆಟ್ಟಿಲಿರುವ ಮನೆಯವರು ದಯವಿಟ್ಟು ಹಾಗೆ ಮಾಡಬೇಡಿ, ಯಂತ್ರ ಉರುಳಿ ಬಿದ್ದೀತು.

ಮಗ ಜುಬೈಲಿಗೆ ಮರಳಿದ ಮೇಲೆ ಅಲ್ಲಿಂದಲೇ ಸಮಯ ನಿಗದಿಪಡಿಸಿದ, ಬೆಳಿಗ್ಗೆ ಹತ್ತು ಗಂಟೆಗೆ ಎಂದು. ಜುಬೈಲಿನ ಹತ್ತು ಗಂಟೆಗೆ ನಮ್ಮಲ್ಲಿ ಹನ್ನೆರಡೂವರೆ. ಅತ್ತೆ ಝುಹರ್ ನಮಾಝಿಗೆ ನಿಲ್ಲುವ ಹೊತ್ತಿಗೆ ಸರಿಯಾಗಿ ಆಮೆ ಹೊರಟು ಬಂದು ಮುಸಲ್ಲಾದ ಕುಚ್ಚನ್ನು ಬಾಯಿಗೆ ಹಾಕಿಕೊಂಡು ಒದ್ದಾಡುತ್ತಿತ್ತು! ನಾವು ನಕ್ಕೆವು. ಫೋನ್ ಮಾಡಿ ಹೇಳಿದಾಗ ಅವನು ಸಮಯ ಬದಲಿಸಿದ. ನಮ್ಮ ಮನೆಯ ಗುಡಿಸುವ ಹೊತ್ತನ್ನು ಸರಿಪಡಿಸಲು ಕಡಲಾಚೆಗೆ ಫೋನ್ ಮಾಡಬೇಕಾಯಿತಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ನನಗೆ ಬೇಸಿಗೆ ರಜೆ. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಅತ್ತೆ ಸ್ನಾನ ಮುಗಿಸಿ, ತಲೆಯ ಶಾಲು ತೆಗೆದು, ಚಾವಡಿಯ ಫ್ಯಾನಿನಡಿ ಕೂದಲು ಹರಡಿಕೊಂಡು ಕುಳಿತಿದ್ದರು. ಆಮೆ ಅವರ ಎದುರು ಬಂದು ನಿಂತಿತು. ಅದರೊಳಗಿನಿಂದ ಮಾತು ಕೇಳಿಸಿತು: "ಅಜ್ಜಿ, ಕೂದಲು ಒಣಗಿತಾ?"

ಅತ್ತೆಯ ಚೀರಾಟ ಕೇಳಿ ನಾನು ಓಡಿ ಬಂದೆ. ಶಾಲನ್ನು ಎಳೆದುಕೊಂಡು ಗೋಡೆಗೆ ಒತ್ತಿ ಕುಳಿತಿದ್ದರು. ಕೈ ನಡುಗುತ್ತಿತ್ತು. ಆ ಯಂತ್ರದ ಕ್ಯಾಮರಾದಿಂದ ಫೋನಿನಲ್ಲಿ ಮನೆಯನ್ನು ನೋಡಲೂಬಹುದು, ಅದರ ಮೂಲಕ ಮಾತಾಡಲೂಬಹುದು ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮಗನಿಗೆ ಅದೊಂದು ತಮಾಷೆ. ಅಜ್ಜಿಯನ್ನು ನಗಿಸೋಣವೆಂದು ಮಾಡಿದ್ದ.

ಸಂಜೆ ಅತ್ತೆಯೇ ಫೋನ್ ತೆಗೆದುಕೊಂಡರು. "ನಿನ್ನ ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ?" ಎಂದು ಕೇಳಿದರು. ನಾಲ್ವರು ಎಂದ. "ಹಾಗಾದರೆ ನನ್ನ ಕೂದಲನ್ನು ಎಷ್ಟು ಜನ ನೋಡಿದರು?" ಅವನು ತಡವರಿಸಿದ. ತಾನೊಬ್ಬನೇ ಇದ್ದೆ ಎಂದು ಆಣೆ ಹಾಕಿದ. ಅತ್ತೆ ಹೇಳಿದರು: "ನೀನು ನೋಡುವುದಕ್ಕೆ ನನಗೇನು? ನಿನ್ನನ್ನು ಎತ್ತಿ ಆಡಿಸಿದವಳು ನಾನು. ಆದರೆ ಮನೆಯೊಳಗೆ ಬರುವವನು ಮೊದಲು ಬಾಗಿಲಲ್ಲಿ ನಿಂತು ಸಲಾಂ ಹೇಳಬೇಕು. ನೀನು ಯಾವ ಬಾಗಿಲಿನಿಂದ ಬಂದೆ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬರ ಮನೆಯೊಳಗೆ ಹೋಗುವ ಮೊದಲು ಸಲಾಂ ಹೇಳಿ ಅನುಮತಿ ಕೇಳಬೇಕೆಂದು ಮದ್ರಸದಲ್ಲಿ ಏಳು ವರ್ಷದ ಮಕ್ಕಳಿಗೆ ಕಲಿಸುವವಳು ನಾನು. ಕಣ್ಣಿರುವ, ಕಿವಿಯಿರುವ ಒಂದು ವಸ್ತುವನ್ನು ಮನೆಯೊಳಗೆ ಬಿಟ್ಟುಕೊಂಡು, ಅದರ ಹಿಂದೆ ಯಾರಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲವಲ್ಲ!

ಭಯ ಹುಟ್ಟಿಸಲು ಹೇಳುವುದಲ್ಲ, ಆದರೆ ಇದು ಬರೇ ನಮ್ಮ ಮನೆಯ ಮಾತೂ ಅಲ್ಲ. ಇಂಥ ಯಂತ್ರಗಳು 2020ರಲ್ಲಿ ಮನೆಗಳೊಳಗೆ ತೆಗೆದಿದ್ದ ಖಾಸಗಿ ಚಿತ್ರಗಳು, ಶೌಚಾಲಯದಲ್ಲಿದ್ದ ಒಬ್ಬ ಹೆಂಗಸಿನ ಚಿತ್ರವೂ ಸೇರಿ, ಇಂಟರ್‌ನೆಟ್ಟಿನಲ್ಲಿ ಹೊರಬಿದ್ದುದನ್ನು 2022ರ ಡಿಸೆಂಬರಿನಲ್ಲಿ 'ಎಂಐಟಿ ಟೆಕ್ನಾಲಜಿ ರಿವ್ಯೂ' ಪತ್ರಿಕೆ ವರದಿ ಮಾಡಿತು. ಅವು ಅಂಗಡಿಯಲ್ಲಿ ಮಾರಿದ ಯಂತ್ರಗಳಲ್ಲ, ಪರೀಕ್ಷೆಗೆಂದು ಒಪ್ಪಿಗೆ ಪಡೆದು ಕೊಟ್ಟವು ಎಂಬುದನ್ನೂ ಹೇಳಬೇಕು. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಅಪರಿಚಿತರು ದೂರದಿಂದಲೇ ಇಂಥ ಯಂತ್ರಗಳನ್ನು ವಶಪಡಿಸಿಕೊಂಡು, ಅದರ ಸ್ಪೀಕರಿನಿಂದ ಮನೆಯವರಿಗೆ ಬೈದದ್ದೂ ವರದಿಯಾಗಿದೆ. ನಮ್ಮಲ್ಲಿ ಬಂದವನು ಮನೆಯ ಮಗನೇ. ಆದರೆ ತೆರೆದ ಬಾಗಿಲು ಎಲ್ಲರಿಗೂ ತೆರೆದದ್ದೇ ತಾನೇ?

ಮಗ ಕ್ಷಮೆ ಕೇಳಿದ. ಇನ್ನು ಕ್ಯಾಮರಾ ತೆರೆಯುವುದಿಲ್ಲ ಎಂದು ಮಾತು ಕೊಟ್ಟ. ಆದರೂ ಅತ್ತೆಗೆ ಸಮಾಧಾನವಿಲ್ಲ. ಆಮೆ ಹೊರಟ ಕೂಡಲೇ ಶಾಲು ಸರಿಪಡಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ತನ್ನದೇ ಮನೆಯಲ್ಲಿ ಅವರು ಅತಿಥಿಯಂತಾದರು.

ಅಷ್ಟರಲ್ಲಿ ಮಳೆಗಾಲ ಬಂತು. ಸಿಡಿಲಿಗೆ ನಮ್ಮ ರೂಟರ್ ಸುಟ್ಟುಹೋಯಿತು. ಕಂಪೆನಿಯ ಹುಡುಗ ಬಂದು ಹೊಸದನ್ನು ಜೋಡಿಸಿ, ನಮ್ಮ ಫೋನುಗಳಿಗೆ ವೈಫೈ ಹಾಕಿಕೊಟ್ಟು ಹೋದ. ಆಮೆ ಮಾತ್ರ ಮೂಲೆಯಲ್ಲಿ ದೀಪ ಮಿಟುಕಿಸುತ್ತಾ ಉಳಿಯಿತು. ಅದು ಹಳೆಯ ಹೆಸರಿನ ವೈಫೈಯನ್ನೇ ಹುಡುಕುತ್ತಿತ್ತು. "ಅಲ್‌ಹಮ್ದುಲಿಲ್ಲಾಹ್, ಅದರ ಕಣ್ಣು ಮುಚ್ಚಿತು" ಎಂದರು ಅತ್ತೆ. ಮುಂದಿನ ರಜೆಗೆ ಬಂದಾಗ ಸರಿಮಾಡುತ್ತೇನೆ ಎಂದ ಮಗ. ಮುಂದಿನ ರಜೆಗೆ ಇನ್ನೂ ಹತ್ತು ತಿಂಗಳು. ಪೊರಕೆ ಮತ್ತೆ ಮೂಲೆಯಿಂದ ಹೊರಬಂತು.

ಜುಲೈಯ ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ಅತ್ತೆ ಚಾವಡಿಯ ನೆಲದ ಮೇಲೆ ಕುಳಿತಿದ್ದಾರೆ. ಪಕ್ಕದಲ್ಲಿ ಪೊರಕೆ. ಗುಡಿಸುತ್ತಾ ಮೊಣಕಾಲು ಹಿಡಿದುಕೊಂಡು ಕುಸಿದವರಿಗೆ ಏಳಲಾಗಿಲ್ಲ. ಫೋನ್ ಕೋಣೆಯಲ್ಲಿತ್ತು. ಅಸರ್ ಬಾಂಗ್ ಆಗಿ ಹೋಯಿತು ಮಗಳೇ ಎಂದು ಹೇಳಿ ಅತ್ತರು. ಬಿದ್ದ ನೋವಿಗಿಂತ ನಮಾಝಿಗೆ ಏಳಲಾಗದ ನೋವು ಅವರಿಗೆ ಹೆಚ್ಚಾಗಿತ್ತು.

ಅತ್ತೆಯನ್ನು ಎಬ್ಬಿಸಿ ಮಂಚದಲ್ಲಿ ಕೂರಿಸಿ ಹೊರಬಂದಾಗ ಮೂಲೆಯಲ್ಲಿ ಆಮೆ ಕಾಣಿಸಿತು. ಗುಂಡಿ ಒತ್ತಿದರೆ ವೈಫೈ ಇಲ್ಲದೆಯೂ ಅದು ಗುಡಿಸುತ್ತದೆ ಎಂಬ ಸಣ್ಣ ಸಂಗತಿಯೂ ನಮಗೆ ಗೊತ್ತಿರಲಿಲ್ಲ. ಸಹೋದರಿಯರೇ, ಆ ಹೊತ್ತು ನನಗೆ ಸಿಟ್ಟು ಬಂದದ್ದು ಮಗನ ಮೇಲಲ್ಲ, ಯಂತ್ರದ ಮೇಲಲ್ಲ, ನನ್ನ ಮೇಲೆಯೇ. ದೂರಶಿಕ್ಷಣದಲ್ಲಿ ಬಿ.ಎ. ಮಾಡಿದವಳು, ಮಕ್ಕಳಿಗೆ 'ಕಲಿಯಿರಿ, ಕಲಿಯಿರಿ' ಎನ್ನುವವಳು, ಮನೆಯೊಳಗಿನ ಒಂದು ವಸ್ತುವನ್ನು ಕಲಿಯಲು ಹಿಂಜರಿದೆನಲ್ಲ!

ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸಿದೆ. ಒಳಗಿದ್ದ ಪುಸ್ತಕದಲ್ಲಿ ಅರಬಿ ಮತ್ತು ಇಂಗ್ಲಿಷ್ ಎರಡೂ ಇದ್ದವು. ತಾಂತ್ರಿಕ ಇಂಗ್ಲಿಷ್ ತೊಡಕೆನಿಸಿದಲ್ಲಿ ಅರಬಿ ಓದಿದೆ. ಅದರಲ್ಲಿ ಯಂತ್ರದ ಹೆಸರು 'ಮಿಕ್‌ನಸ' ಎಂದಿತ್ತು. ಪೊರಕೆ ಎಂದೇ ಅದರರ್ಥ. ಪಾಸ್‌ವರ್ಡಿಗೆ 'ಕಲಿಮತುಲ್ ಮುರೂರ್', ಅಂದರೆ ದಾಟಿ ಹೋಗುವ ಮಾತು. ಮದ್ರಸದ ಅರಬಿ ಹೀಗೂ ಉಪಯೋಗಕ್ಕೆ ಬಂದೀತೆಂದು ನನ್ನ ಉಸ್ತಾದರು ಎಣಿಸಿರಲಾರರು.

ಕೆಲಸದ ಕ್ರಮ ಇಷ್ಟೇ. ಫೋನಿಗೆ ಆ ಕಂಪೆನಿಯ ಆ್ಯಪ್ ಇಳಿಸಿಕೊಂಡು ನಮ್ಮ ಹೆಸರಿನಲ್ಲಿ ಖಾತೆ ತೆರೆಯಬೇಕು. ಯಂತ್ರದ ಮೇಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ, ಹಳೆಯ ವೈಫೈಯನ್ನು ಮರೆತೆ ಎಂದು ಅದೇ ಹೇಳುತ್ತದೆ. (ಬೇರೆ ಕಂಪೆನಿಗಳಲ್ಲಿ ಗುಂಡಿ ಬೇರೆ ಇದ್ದೀತು, ಪುಸ್ತಕ ನೋಡಿಕೊಳ್ಳಿ.) ಆಗ ಯಂತ್ರ ತನ್ನದೇ ಒಂದು ತಾತ್ಕಾಲಿಕ ವೈಫೈ ಹೊರಡಿಸುತ್ತದೆ. ಫೋನ್ ಅದಕ್ಕೆ ಸೇರಿ, ನಮ್ಮ ಮನೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅದಕ್ಕೆ ಹೇಳಿಕೊಡುತ್ತದೆ. ಅಮೇಲೆ ಯಂತ್ರ ತಾನಾಗಿ ಮನೆಯ ರೂಟರಿಗೆ ಹೋಗಿ ಸೇರಿಕೊಳ್ಳುತ್ತದೆ. ಹೊಸ ಸೊಸೆಗೆ ಮನೆಯ ದಾರಿ ತೋರಿಸಿದ ಹಾಗೆ.

ಹೇಳುವಾಗ ಸುಲಭ. ನನಗೆ ಮೂರು ಸಂಜೆ ಹಿಡಿಯಿತು. ನಾನು ಎಡವಿದ ಕಲ್ಲುಗಳನ್ನು ಹೇಳುತ್ತೇನೆ, ನೀವು ನೋಡಿ ನಡೆಯಬಹುದು.

ಮೊದಲನೆಯದು ಆ್ಯಪಿನಲ್ಲಿ ದೇಶ ಆರಿಸುವುದು. ನಾನು ಭಾರತ ಎಂದು ಒತ್ತಿದೆ. ಪಟ್ಟಿಯಲ್ಲಿ ನಮ್ಮ ಯಂತ್ರವೇ ಇರಲಿಲ್ಲ. ಕೊಂಡ ದೇಶವನ್ನು ಆರಿಸಿದ ಮೇಲೆ ಕಾಣಿಸಿತು. ಫೋನಿನಲ್ಲಿ 'ಲೊಕೇಶನ್' ಅನುಮತಿ ಕೇಳಿದಾಗ ನಾನು ಬೇಡವೆಂದಿದ್ದೆ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಆ ಅನುಮತಿ ಇಲ್ಲದೆ ಆ್ಯಪಿಗೆ ಸುತ್ತಲಿನ ವೈಫೈ ಕಾಣದಿರಬಹುದು. ಜೋಡಿಸುವಷ್ಟು ಹೊತ್ತು ಕೊಟ್ಟು ಆಮೇಲೆ ಹಿಂತೆಗೆಯಬಹುದು.

ಎರಡನೆಯದು, ಯಂತ್ರದ ತಾತ್ಕಾಲಿಕ ವೈಫೈಗೆ ಸೇರಿದ ಕೂಡಲೇ "ಇದರಲ್ಲಿ ಇಂಟರ್‌ನೆಟ್ ಇಲ್ಲ" ಎಂದು ಫೋನ್ ಹೇಳುತ್ತದೆ. ನಿಜ, ಅದರಲ್ಲಿ ಇಂಟರ್‌ನೆಟ್ ಇರುವುದೇ ಇಲ್ಲ. ಹೆದರಿ ಹೊರಬರಬಾರದು. ಇದರಲ್ಲೇ ಇರುತ್ತೇನೆ ಎಂದು ಒತ್ತಬೇಕು. ಫೋನ್ ತಾನಾಗಿ ಮೊಬೈಲ್ ಡಾಟಾಕ್ಕೆ ಜಿಗಿಯುತ್ತಿದ್ದರೆ ಅಷ್ಟು ಹೊತ್ತು ಡಾಟಾ ಆಫ್ ಮಾಡಬೇಕು.

ಮೂರನೆಯದೇ ದೊಡ್ಡದು. ಈಗಿನ ರೂಟರುಗಳು ಎರಡು ಬಗೆಯ ಅಲೆಗಳನ್ನು ಬಿಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4 ಎಂಬುದು ಅಂಗಳದಿಂದ ಕೂಗಿದ ದನಿಯಂತೆ, ವೇಗ ಕಡಿಮೆ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಎಂಬುದು ಹತ್ತಿರ ಕುಳಿತು ಆಡುವ ಬಿರುಸಿನ ಮಾತಿನಂತೆ, ವೇಗ ಹೆಚ್ಚು, ಗೋಡೆ ಬಂದರೆ ಸೊರಗುತ್ತದೆ. ಗುಡಿಸುವ ಯಂತ್ರಗಳಲ್ಲಿ ಹೆಚ್ಚಿನವು 2.4ನ್ನು ಮಾತ್ರ ಬಲ್ಲವು. ಹೊಸ ರೂಟರ್ ಎರಡಕ್ಕೂ ಒಂದೇ ಹೆಸರಿಟ್ಟುಕೊಂಡಿತ್ತು. ನನ್ನ ಫೋನ್ 5ರಲ್ಲಿ, ಆಮೆ 2.4ರಲ್ಲಿ, ಎಷ್ಟು ಬಾರಿ ಮಾಡಿದರೂ ಅರ್ಧದಲ್ಲಿ ನಿಲ್ಲುತ್ತಿತ್ತು. ರೂಟರನ್ನು ತಿರುಗಿಸಿದಾಗ ಅಡಿಯಲ್ಲಿ ಒಂದು ಚೀಟಿ ಕಂಡಿತು. ಅದರೊಳಗೆ ಹೋಗುವ ವಿಳಾಸ, ಹೆಸರು, ಪಾಸ್‌ವರ್ಡ್ ಎಲ್ಲ ಅದರಲ್ಲಿ ಅಚ್ಚಾಗಿತ್ತು. ಆ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ಬರೆದು ಒಳಹೋಗಿ, ಎರಡು ಅಲೆಗಳಿಗೆ ಬೇರೆ ಬೇರೆ ಹೆಸರು ಕೊಟ್ಟೆ. ಚೀಟಿಯಲ್ಲಿದ್ದ ಪಾಸ್‌ವರ್ಡನ್ನೂ ಅಲ್ಲೇ ಬದಲಿಸಿದೆ. ಅದರಲ್ಲಿ ಭದ್ರತೆಯ ಬಗೆ ಎಂಬುದೊಂದಿರುತ್ತದೆ. ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಕೆಲವು ಯಂತ್ರಗಳು ಸೇರುವುದಿಲ್ಲ, ಡಬ್ಲ್ಯುಪಿಎ2 ಇರಬೇಕು.

ನಾಲ್ಕನೆಯದು ನನ್ನದೇ ತಪ್ಪು. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರದ ಬದಲು ಸಣ್ಣಕ್ಷರ ಬರೆದಿದ್ದೆ. ಒಂದು ಚುಕ್ಕೆ ಬಿಟ್ಟರೆ 'ಜೀಮ್' ಹೋಗಿ 'ಹಾ' ಆಗುತ್ತದೆ ಎಂದು ಮಕ್ಕಳ ಸ್ಲೇಟು ತಿದ್ದುವವಳಿಗೆ ಯಂತ್ರ ಅದೇ ಪಾಠ ಹೇಳಿತು.

ಎಲ್ಲ ಸರಿಯಾದ ಮೇಲೆ, ಮೂರನೆಯ ಸಂಜೆ, ಫೋನಿನ ಪರದೆಯಲ್ಲಿ ಒಂದು ಸಾಲು ಬಂತು: ಈ ಯಂತ್ರ ಬೇರೆ ಖಾತೆಗೆ ಸೇರಿದೆ. ಅದರ ಒಡೆಯನು ಬಿಟ್ಟುಕೊಟ್ಟರೆ ಮಾತ್ರ ಸೇರಿಸಬಹುದು.

ನಾನು ಸುಮ್ಮನೆ ಕುಳಿತೆ. ಇಷ್ಟು ಹೊತ್ತು ಯಂತ್ರದೊಡನೆ ಇದ್ದ ಕೆಲಸ ಈಗ ಮಗನೊಡನೆ ಎಂದಾಯಿತು. ಅವನಿಗೆ ಫೋನ್ ಮಾಡಿ, "ಮಗಾ, ಯಂತ್ರವನ್ನು ನಿನ್ನ ಖಾತೆಯಿಂದ ತೆಗೆ. ನನ್ನ ಫೋನಿಗೆ ಹಾಕಿಕೊಳ್ಳುತ್ತೇನೆ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನನ್ನ ಮೇಲೆ ನಂಬಿಕೆ ಇಲ್ವಾ ಉಮ್ಮ?" ಎಂದ. ಆಮೇಲೆ ಮೆಲ್ಲನೆ ಹೇಳಿದ: "ಕ್ಯಾಮರಾ ತೆರೆಯುವುದಿಲ್ಲ. ಆದರೆ ಕೆಲಸ ಮುಗಿಸಿ ಬಂದ ಮೇಲೆ ಮನೆಯ ನಕ್ಷೆ ತೆರೆದು ನೋಡುತ್ತಿದ್ದೆ. ಚಾವಡಿ, ಅಡುಗೆಮನೆ, ಅಜ್ಜಿಯ ಮಂಚದ ಕಾಲು, ಆಮೆ ಓಡಿದ ಗೆರೆ ಎಲ್ಲ ಅದರಲ್ಲಿ ಕಾಣುತ್ತದೆ. ಮನೆಯಲ್ಲಿ ಒಂದು ಸುತ್ತು ಬಂದ ಹಾಗಾಗುತ್ತಿತ್ತು. ರೂಟರ್ ಹೋದ ಮೇಲೆ ಅದೂ ಇಲ್ಲ."

ಇಪ್ಪತ್ತನಾಲ್ಕು ವರ್ಷದ ಹುಡುಗ. ನಾನು ಕಾವಲು ಎಂದುಕೊಂಡದ್ದು ಅವನಿಗೆ ಮನೆಯ ನೆನಪಾಗಿತ್ತು. ನನ್ನ ಗಂಟಲು ಕಟ್ಟಿತು. ಬೇಡ ಬಿಡು, ನಿನ್ನಲ್ಲೇ ಇರಲಿ ಎಂದು ಹೇಳಬೇಕೆನಿಸಿತು. ಆದರೆ ನೆಲದ ಮೇಲೆ ಕುಳಿತಿದ್ದ ಅತ್ತೆಯ ಮುಖ ಕಣ್ಣೆದುರು ಬಂತು. "ನಿನ್ನ ಮೇಲೆ ನಂಬಿಕೆ ಇದೆ ಮಗಾ" ಎಂದೆ. "ಆದರೆ ಮನೆಯಲ್ಲಿರುವವರ ಕೈಯಲ್ಲಿ ಮನೆಯ ಕೀಲಿಕೈ ಇರಬೇಕು. ನೀನು ಬರುವಾಗ ಕರೆ, ನಾವು ಬಾಗಿಲು ತೆರೆಯುತ್ತೇವೆ."

ಅವನು ತೆಗೆದ. ಎರಡು ನಿಮಿಷದಲ್ಲಿ ಆಮೆ ನನ್ನ ಫೋನಿಗೆ ಸೇರಿತು. ನನ್ನ ಸಂತೋಷ ಹೇಳಲಾರೆ. ಬಿ.ಎ. ಫಲಿತಾಂಶ ಬಂದ ದಿನವೂ ನಾನು ಹಾಗೆ ಕೂಗಿರಲಿಲ್ಲ.

ಮೊದಲು ಮಾಡಿದ ಕೆಲಸ, ದೂರದಿಂದ ವೀಡಿಯೊ ನೋಡುವ ಸೌಲಭ್ಯವನ್ನು ಆ್ಯಪಿನಲ್ಲಿ ಆಫ್ ಮಾಡಿದ್ದು. ಅತ್ತೆಗೆ ಅಷ್ಟು ಸಾಲದು, ಕಣ್ಣಿಗೆ ಕಾಣುವ ಪುರಾವೆ ಬೇಕು. ಕ್ಯಾಮರಾದ ಮೇಲೆ ಕಪ್ಪು ಟೇಪು ಅಂಟಿಸಿದೆ. ನೆತ್ತಿಯ ಲೇಸರಿನಿಂದ ನಮ್ಮ ಆಮೆ ದಾರಿ ಕಂಡುಕೊಳ್ಳುತ್ತದೆ. ಎದುರಿನ ಚಪ್ಪಲಿ, ವಯರು ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ಗುಡಿಸುವ ಮೊದಲು ನಾವೇ ನೆಲದಿಂದ ಅವನ್ನೆತ್ತಿಡುತ್ತೇವೆ. ಹೊಸದಾಗಿ ಕೊಳ್ಳುವವರು ಕ್ಯಾಮರಾ ಇಲ್ಲದ, ಲೇಸರ್ ಮಾತ್ರ ಇರುವ ಯಂತ್ರವನ್ನೇ ಕೇಳಿ ತರಿಸಬಹುದು. ಆ್ಯಪಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಕಂಪೆನಿ ಹೊಸ ಸಾಫ್ಟ್‌ವೇರ್ ಕಳುಹಿಸಿದರೆ ಹಾಕಿಕೊಳ್ಳಿ, ಬಿರುಕು ಮುಚ್ಚುವ ಕೆಲಸ ಅದರಲ್ಲೇ ಇರುತ್ತದೆ. ಯಂತ್ರವನ್ನು ಯಾರಿಗಾದರೂ ಕೊಡುವುದಾದರೆ ಮೊದಲು ಖಾತೆಯಿಂದ ತೆಗೆದು, ನಕ್ಷೆ ಅಳಿಸಿ ಕೊಡಿ.

ಆನಂತರವೂ ಒಮ್ಮೊಮ್ಮೆ ಸಂಪರ್ಕ ತಪ್ಪುತ್ತಿತ್ತು. ರೂಟರ್ ಚಾವಡಿಯಲ್ಲಿ, ಆಮೆ ಚಾರ್ಜಾಗುವ ಜಾಗ ಅಡುಗೆಮನೆಯ ಹಿಂದೆ. ನಡುವೆ ಮೂರು ಮುರಕಲ್ಲಿನ ಗೋಡೆ. ಚಾರ್ಜಿನ ಜಾಗವನ್ನು ಚಾವಡಿಯ ಹತ್ತಿರಕ್ಕೆ ತಂದ ಮೇಲೆ ಸರಿಯಾಯಿತು. ಕರೆಂಟು ಹೋದಾಗ ರೂಟರ್ ಆರದಿರಲೆಂದು ಅದನ್ನು ಇನ್‌ವರ್ಟರಿಗೆ ಕೊಟ್ಟಿದ್ದೇವೆ. ವಾರಕ್ಕೊಮ್ಮೆ ಅದರ ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಸಿ ತೆಗೆದು, ಚಾರ್ಜಾಗುವ ತಗಡನ್ನು ಒಣಬಟ್ಟೆಯಿಂದ ಒರಸುತ್ತೇನೆ. ಆಮೆ ಈಗ ಹೊರಡುವುದು ನಮ್ಮ ಹತ್ತು ಗಂಟೆಗೆ.

ಇನ್ನೊಂದು ಉಪಾಯ ಆಮೇಲೆ ತಿಳಿಯಿತು. ರೂಟರ್ ಬದಲಾದಾಗ ಹೊಸದಕ್ಕೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರಶಃ ಕೊಟ್ಟರೆ, ಮನೆಯ ಯಂತ್ರಗಳು ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಇಷ್ಟೆಲ್ಲ ಶ್ರಮವೇ ಬೇಕಾಗುತ್ತಿರಲಿಲ್ಲ! ಆದರೆ ಅದಕ್ಕೆ ಹಳೆಯ ಪಾಸ್‌ವರ್ಡ್ ಗೊತ್ತಿರಬೇಕಲ್ಲ? ಅದಕ್ಕೇ ಆರಂಭದಲ್ಲಿ ನಿಮ್ಮನ್ನು ಕೇಳಿದ್ದು.

ನಮ್ಮ ಎಷ್ಟೋ ಮನೆಗಳಲ್ಲಿ ಗಂಡ, ಮಗ, ಅಣ್ಣ ಯಾರಾದರೊಬ್ಬರು ಕಡಲಾಚೆ ಇದ್ದಾರೆ. ಪ್ರೀತಿಯಿಂದಲೇ ಅವರು ಎಲ್ಲವನ್ನೂ ತಮ್ಮ ಫೋನಿನಿಂದ ನಡೆಸುತ್ತಾರೆ. ಕರೆಂಟು ಬಿಲ್, ಗ್ಯಾಸ್, ಬ್ಯಾಂಕಿನ ಒಟಿಪಿ, ಅಂಗಳದ ಕ್ಯಾಮರಾ. ನಾವು ನಿಶ್ಚಿಂತೆಯಿಂದಿರುತ್ತೇವೆ. ಒಂದು ದಿನ ಅವರ ಫೋನ್ ಹಾಳಾದರೆ, ಅವರಿಗೆ ಜ್ವರ ಬಂದು ಮಲಗಿದರೆ, ನಮ್ಮ ಮನೆಯೊಳಗೆ ನಾವೇ ಹೊರಗಿನವರಾಗುತ್ತೇವೆ. ಅವರನ್ನು ದೂರುವ ಮಾತಲ್ಲ ಇದು. ಅಷ್ಟೆಲ್ಲ ಹೊತ್ತುಕೊಂಡವರ ಭಾರವನ್ನು ಸ್ವಲ್ಪ ಇಳಿಸಿಕೊಳ್ಳುವ ಮಾತು.

ನಾನೀಗ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ವೈಫೈಯ ಹೆಸರು, ಪಾಸ್‌ವರ್ಡ್, ರೂಟರಿನ ವಿಳಾಸ, ಯಾವ ಖಾತೆ ಯಾರ ನಂಬರಿನಲ್ಲಿದೆ ಎಂಬುದು. ಮಗಳಿಗೂ ತೋರಿಸಿದ್ದೇನೆ. ಆ ಪುಸ್ತಕ ಎಲ್ಲಿದೆ ಎಂದು ಅತ್ತೆಗೂ ಗೊತ್ತು.

ಮಗ ಈಗ ಪ್ರತಿ ಶುಕ್ರವಾರ ಅವನ ಜುಮುಆ ಮುಗಿದ ಮೇಲೆ ವೀಡಿಯೊ ಕರೆ ಮಾಡುತ್ತಾನೆ. ಅತ್ತೆ ಬಿಳಿ ಶಾಲು ಹೊದ್ದು ಮುಂಚೆಯೇ ಕುಳಿತಿರುತ್ತಾರೆ. ಫೋನ್ ಹಿಡಿದು ನಾನು ಚಾವಡಿ, ಅಡುಗೆಮನೆ, ಹಿತ್ತಲಿನ ಬಸಳೆ ಚಪ್ಪರ ಎಲ್ಲವನ್ನೂ ತೋರಿಸುತ್ತೇನೆ. ಅವನು ಮೊದಲು ಸಲಾಂ ಹೇಳುತ್ತಾನೆ. ಅತ್ತೆ ಸಲಾಂ ಮರಳಿಸಿ, "ಬಾ, ಒಳಗೆ ಬಾ" ಎನ್ನುತ್ತಾರೆ.

ಸಹೋದರಿಯರೇ, ಈ ಪುಟ ಮಡಚಿಟ್ಟ ಮೇಲೆ ಒಮ್ಮೆ ನಿಮ್ಮ ಮನೆಯ ರೂಟರನ್ನು ತಿರುಗಿಸಿ ನೋಡಿ. ಅಡಿಯಲ್ಲಿ ಚೀಟಿ ಇದೆ. ಧೂಳು ಒರಸಿ ಓದಿ.